ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಊರುಗಳಲ್ಲಿ ದೊಡ್ಡ ಮಕ್ಕಳು ಆಡುತ್ತಿರುವಲ್ಲಿಗೆ ಪುಟ್ಟ ತಮ್ಮನೋ ತಂಗಿಯೋ ಬಂದು, ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಅತ್ತು ಹಟಮಾಡಿದಾಗ, ಹಿರಿಯರು ಮಾಡುವ ಒಂದು ಉಪಾಯವುಂಟು. "ಆಗಲಿ ಬಾ, ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಹೇಳಿ ಮಗುವನ್ನು ಒಳಗೆ ಬಿಡುವರು. ಮಗುವು ಓಡುವುದು, ಚೆಂಡು ಹಿಡಿಯುವುದು, ಬಿದ್ದು ಎದ್ದು ನಗುವುದು. ಆದರೆ ಅದು ಹಿಡಿದ ಚೆಂಡಿಗೆ ಯಾರೂ ಔಟಾಗುವುದಿಲ್ಲ. ಮಗುವಿಗೆ ಈ ಮಾತಿನ ಅರ್ಥವು ತಿಳಿಯುವ ವರೆಗೆ ಸಂತೋಷವೇ ಸಂತೋಷ. ತಿಳಿದ ದಿನ ಮಾತ್ರ ಅದರ ಮುಖ ಸಣ್ಣದಾಗುವುದು.

ಅಮೇರಿಕಾ ದೇಶದವರ ಬೇಸ್‌ಬಾಲ್ ಎಂಬ ಚೆಂಡಾಟದಲ್ಲಿ ಪ್ರತಿವರ್ಷವೂ ಸುಮಾರು ಒಂದು ತಿಂಗಳ ಕಾಲ ನಡೆಯುವ ಪಂದ್ಯಗಳೆಲ್ಲವೂ ಇಂಥವೇ ಆಗಿವೆ. ನನಗೆ ಈ ಆಟದ ಹುಚ್ಚು ಹತ್ತಿ ಬಹಳ ವರ್ಷಗಳಾದವು. ಕ್ರಿಕೆಟಿನಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮನೆಯವರು, ಗೆದ್ದರೂ ಸೋತರೂ ಒಂದೇ ಆಗಿರುವ ಆ ತಿಂಗಳಿನ ಆಟಗಳ ಸುದ್ದಿಯನ್ನು ನಾನು ಹುಡುಕಿ ಹುಡುಕಿ ಓದುವುದನ್ನು ಕಂಡು ನಗುವುದುಂಟು. ಆದಕಾರಣ ಅಂಥ ಒಂದು ಆಟದ ವೃತ್ತಾಂತವನ್ನು ಈ ಸಂಚಿಕೆಯ ಓದುಗರ ಮುಂದೆ ಇಟ್ಟು, ಆ ನಗೆಗೆ ಉತ್ತರ ಕೊಡಬೇಕೆಂದಿದ್ದೇನೆ. ಹೆಣ್ಣುಮಕ್ಕಳ ಪಾಠಶಾಲೆಯಲ್ಲಿ ಕಲಿತವರೂ, ತಮ್ಮ ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳುಹಿಸಿದವರೂ ಈ ವೃತ್ತಾಂತವನ್ನು ತಿಳಿಯತಕ್ಕದ್ದೆಂದು ನನ್ನ ಎಣಿಕೆ.

ಮೊದಲು ಆ ತಿಂಗಳಿನ ವಿಷಯ. ಫೆಬ್ರವರಿಯಲ್ಲಿ ಅಮೇರಿಕಾದ ಉತ್ತರ ಭಾಗದ ಪಟ್ಟಣಗಳಲ್ಲಿ ಇನ್ನೂ ಹಿಮ ಬಿದ್ದಿರುತ್ತದೆ. ಬಯಲಿನಲ್ಲಿ ಆಡುವ ಹಾಗಿಲ್ಲ. ಆಗ ಎಲ್ಲಾ ತಂಡಗಳೂ ಬೆಚ್ಚಗಿರುವ ಫ್ಲಾರಿಡಾ ಅಥವಾ ಆರಿಜೋನಾ ಪ್ರಾಂತಗಳಿಗೆ ಹೋಗಿ ಬೀಡುಬಿಟ್ಟು, ಚಳಿಗಾಲದಲ್ಲಿ ಬಿಗಿದ ಕೈಕಾಲುಗಳನ್ನು ಸಡಿಲಿಸಿಕೊಳ್ಳುತ್ತವೆ. ಚೆಂಡೆಸೆಯುವವರೂ ಅದನ್ನು ಹಿಡಿಯುವವರೂ ಮೊದಲು ಬರುವರು. ಉಳಿದವರು ಕೆಲವು ದಿನ ತಡೆದು ಬರುವರು. ಆ ಮೇಲೆ ತಂಡತಂಡಗಳು ತಮ್ಮತಮ್ಮೊಳಗೆ ಪಂದ್ಯಗಳನ್ನಾಡುವವು. ಮಾರ್ಚ್ ಕೊನೆಯಲ್ಲಿ ನಿಜವಾದ ಋತು ಆರಂಭವಾದ ಮೇಲೆ ಪ್ರತಿಯೊಂದು ತಂಡವು ಆಡುವ 162 ಆಟಗಳಲ್ಲಿ ಒಂದೊಂದೂ ಪುಸ್ತಕಕ್ಕೆ ಏರುತ್ತದೆ. ಯಾರು ಎಷ್ಟು ಹೊಡೆದರು, ಯಾರು ಎಷ್ಟು ಜನರನ್ನು ಔಟು ಮಾಡಿದರು ಎಂಬುದು ನೂರು ವರ್ಷಗಳಾದರೂ ಅಳಿಯದು. ಆದರೆ ಅದಕ್ಕೆ ಮುಂಚಿನ ಆಟಗಳು ಯಾವ ಪಟ್ಟಿಗೂ ಸೇರವು. ಹೆಸರುವಾಸಿಯಾದ ಆಟಗಾರನು ಸ್ವಲ್ಪ ಹೊತ್ತು ಆಡಿ, ಸ್ನಾನಮಾಡಿ ಮನೆಗೆ ಹೋಗಿಬಿಡುವನು. ಅವನ ಸ್ಥಳಕ್ಕೆ, ಬೆನ್ನಿನ ಮೇಲೆ ತೊಂಬತ್ತರ ಹತ್ತಿರದ ಯಾವುದೋ ಸಂಖ್ಯೆಯನ್ನು ಹೊತ್ತ, ಹೆಸರು ಕೇಳರಿಯದ ಹುಡುಗನೊಬ್ಬನು ಬರುವನು. ನನ್ನಂಥವರು ಕಾಯುವುದು ಆ ಹುಡುಗನಿಗಾಗಿಯೇ. ಆಟವು ಲೆಕ್ಕಕ್ಕಿಲ್ಲವಾದ್ದರಿಂದಲೇ ಅವನನ್ನು ಒಳಗೆ ಬಿಟ್ಟಿರುತ್ತಾರೆ.

ಇನ್ನು ಆಟದ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡುವೆನು. ಇಲ್ಲಿ ಚೆಂಡನ್ನು ನೆಲಕ್ಕೆ ಪುಟಿಸುವುದಿಲ್ಲ. ಪಿಚರ್ ಎಂಬವನು 60 ಅಡಿ 6 ಅಂಗುಲ ದೂರದಿಂದ, ಎಂದರೆ ಕ್ರಿಕೆಟಿನ ಎರಡು ವಿಕೆಟ್ಟುಗಳ ನಡುವಣ ಅಂತರಕ್ಕಿಂತ ಸ್ವಲ್ಪ ಹತ್ತಿರದಿಂದ, ದಾಂಡಿಗನ ಕಡೆಗೆ ನೇರವಾಗಿ ಎಸೆಯುವನು. ದಾಂಡಿಗನು ಬೀಸಿ ತಪ್ಪಿಸಿಕೊಂಡರೆ ಒಂದು ಸ್ಟ್ರೈಕ್. ಬೀಸದೆ ಬಿಟ್ಟ ಚೆಂಡು ತಕ್ಕ ಎತ್ತರದಲ್ಲಿ, ಗುರುತಿನ ಹಲಗೆಯ ಮೇಲಿಂದಲೇ ಬಂದಿತೆಂದು ತೀರ್ಪುಗಾರನು ಹೇಳಿದರೆ ಅದೂ ಸ್ಟ್ರೈಕ್. ಮೂರು ಸ್ಟ್ರೈಕುಗಳಾದರೆ ದಾಂಡಿಗನು ಔಟು. ಹಾಗಲ್ಲದೆ ಪಿಚರನು ನಾಲ್ಕು ಸಾರಿ ಗುರಿತಪ್ಪಿ ಎಸೆದರೆ ದಾಂಡಿಗನು ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗಬಹುದು. ಚೆಂಡನ್ನು ಬೇಲಿಯಾಚೆಗೆ ಹೊಡೆದರೆ ಹೋಮ್ ರನ್. ಅದು ನಮ್ಮವರ ಸಿಕ್ಸರಿನಂತೆ ಇದ್ದರೂ, ಅದಕ್ಕಿಂತ ಬಹಳ ದುರ್ಲಭವಾದದ್ದು.

ಈಗ ನನ್ನ ಕಥೆಗೆ ಬರುವೆನು. ಇದು 1931ನೆಯ ಇಸವಿಯ ಏಪ್ರಿಲ್ 2ನೆಯ ತಾರೀಖಿನಂದು ಟೆನ್ನೆಸೀ ಪ್ರಾಂತದ ಚಟ್ಟನೂಗಾ ಎಂಬ ಪಟ್ಟಣದಲ್ಲಿ ನಡೆದದ್ದು. ಆ ಕಾಲದಲ್ಲಿ ದೊಡ್ಡ ತಂಡಗಳು ಫ್ಲಾರಿಡಾದಿಂದ ಉತ್ತರಕ್ಕೆ ರೈಲಿನಲ್ಲಿ ಹಿಂದಿರುಗುವಾಗ, ದಾರಿಯ ಊರುಗಳಲ್ಲಿ ಇಳಿದು ಅಲ್ಲಿಯ ಚಿಕ್ಕ ತಂಡಗಳ ಸಂಗಡ ಆಡಿ ನಾಲ್ಕು ಕಾಸು ಸಂಪಾದಿಸಿಕೊಳ್ಳುತ್ತಿದ್ದವು. ನ್ಯೂಯಾರ್ಕ್ ಯಾಂಕೀಸ್ ಎಂಬ ತಂಡವು ಹಾಗೆ ಬರುವುದಿತ್ತು. ಆ ತಂಡದಲ್ಲಿ ಬೇಬ್ ರೂತ್ ಎಂಬವನಿದ್ದನು. 1927ರಲ್ಲಿ ಒಂದೇ ಋತುವಿನಲ್ಲಿ 60 ಹೋಮ್ ರನ್ನುಗಳನ್ನು ಹೊಡೆದವನು. ಅವನ ಹಿಂದೆಯೇ ಲೂ ಗೆರಿಗ್ ಎಂಬವನು ಆಡುವನು. ಇವರಿಬ್ಬರೂ ಆ 1931ರ ಋತುವಿನಲ್ಲಿಯೇ ತಲೆಗೆ 46 ಹೋಮ್ ರನ್ನುಗಳನ್ನು ಹೊಡೆದರೆಂದರೆ, ಅವರ ಕೈ ಆಗ ಸೋತಿರಲಿಲ್ಲವೆಂಬುದು ತಿಳಿಯುವುದು.

ಚಟ್ಟನೂಗಾ ತಂಡದ ಯಜಮಾನಿಕೆಯನ್ನು ನೋಡಿಕೊಳ್ಳುತ್ತಿದ್ದವನು ಜೋ ಎಂಗೆಲ್. ಹಿಂದೆ ತಾನೂ ಚೆಂಡೆಸೆದವನೇ. ಆದರೆ ಈಗ ನಾಟಕ ಕಂಪೆನಿಯ ಒಡೆಯನಿಗೆ ಇರತಕ್ಕ ಬುದ್ಧಿಯೆಲ್ಲಾ ಅವನಲ್ಲಿತ್ತು. ಒಮ್ಮೆ ತನ್ನ ತಂಡದ ಆಟಗಾರನೊಬ್ಬನನ್ನು ಬೇರೊಂದು ತಂಡಕ್ಕೆ ಕೊಟ್ಟು, ಬದಲಿಗೆ ಒಂದು ಟರ್ಕಿ ಕೋಳಿಯನ್ನು ತೆಗೆದುಕೊಂಡನೆಂದು ಪ್ರಸಿದ್ಧಿ! ಅದು ದೇಶವೆಲ್ಲಾ ಬಡತನದಿಂದ ಕಂಗೆಟ್ಟಿದ್ದ ಕಾಲ. ಜನರನ್ನು ಆಟದ ಬಯಲಿಗೆ ಎಳೆಯುವುದು ಸುಲಭವಾಗಿರಲಿಲ್ಲ. ಯಾಂಕೀಸರು ಬರುವ ಕೆಲವೇ ದಿನಗಳ ಮುಂಚೆ ಅವನು ಒಬ್ಬ ಹುಡುಗಿಯಿಂದ ಕರಾರಿಗೆ ಸಹಿ ಮಾಡಿಸಿಕೊಂಡನು. ಆಕೆಯ ಹೆಸರು ಜಾಕೀ ಮಿಚೆಲ್. ಪ್ರಾಯ ಹದಿನೇಳು ವರ್ಷ.

ಈಕೆ ಬರೇ ಬೊಂಬೆಯಲ್ಲ. ಚಿಕ್ಕಂದಿನಲ್ಲಿ ಮೆಂಫಿಸ್ ಪಟ್ಟಣದಲ್ಲಿ ಇವರ ನೆರೆಮನೆಯವನಾಗಿದ್ದ ಡ್ಯಾಜ಼ೀ ವ್ಯಾನ್ಸ್ ಎಂಬ ಪಿಚರನು ಆಕೆಗೆ ಒಂದು ವಿದ್ಯೆಯನ್ನು ಕಲಿಸಿದ್ದನು. ಮುಂದೆ 1922ರಿಂದ 1928ರ ವರೆಗೆ ಏಳು ವರ್ಷ ಎಡೆಬಿಡದೆ ತನ್ನ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ದಾಂಡಿಗರನ್ನು ಸ್ಟ್ರೈಕಿನಿಂದ ಔಟು ಮಾಡಿದ ವ್ಯಾನ್ಸನು ಇವನೇ. ಅವನು ಕಲಿಸಿದ ವಿದ್ಯೆಯೇನೆಂದರೆ, ಚೆಂಡು ನೆಟ್ಟಗೆ ಬಂದು, ದಾಂಡಿನ ಹತ್ತಿರ ಬಂದಾಗ ಥಟ್ಟನೆ ತಗ್ಗುವಂತೆ ಎಸೆಯುವುದು. ಜಾಕೀ ಎಡಗೈಯವಳು, ತೋಳನ್ನು ತಲೆಯ ಮೇಲಿಂದ ಬೀಸದೆ ಪಕ್ಕದಿಂದ ಬೀಸುತ್ತಿದ್ದಳು. ಈ ಎರಡು ಸಂಗತಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆಟವು ಏಪ್ರಿಲ್ 1ಕ್ಕೆ ಗೊತ್ತಾಗಿತ್ತು. ಮಳೆ ಬಂದು ಮರುದಿನಕ್ಕೆ ಹೋಯಿತು. ಸುಮಾರು ನಾಲ್ಕು ಸಾವಿರ ಜನರು ನೆರೆದಿದ್ದರು. ಚಿತ್ರ ತೆಗೆಯುವವರ ಮುಂದೆ ಆಕೆ ಕನ್ನಡಿ ಹಿಡಿದು ಮುಖಕ್ಕೆ ಪುಡಿ ಹಚ್ಚಿಕೊಂಡದ್ದನ್ನು ಪತ್ರಿಕೆಗಳು ಬಹು ಅಕ್ಕರೆಯಿಂದ ಬರೆದವು. (ರೂತನ ಹೊಟ್ಟೆಯ ಸುತ್ತಳತೆಯನ್ನು ಅಷ್ಟೇ ಅಕ್ಕರೆಯಿಂದ ಬರೆದಿದ್ದರೆ ನಾನು ಆಕ್ಷೇಪಿಸುತ್ತಿರಲಿಲ್ಲ.) ಚಟ್ಟನೂಗಾದ ಮೊದಲನೆಯ ಪಿಚರನು ಎಸೆಯತೊಡಗಿದನು, ಯಾಂಕೀಸರ ಮೊದಲಿನ ಇಬ್ಬರೂ ಅವನನ್ನು ಚೆನ್ನಾಗಿ ಹೊಡೆದರು. ಕೂಡಲೇ ಅವನನ್ನು ಹಿಂದಕ್ಕೆ ಕರೆದು ಜಾಕೀಯನ್ನು ಕಳುಹಿಸಿದರು. ಎದುರಿಗೆ ಬಂದು ನಿಂತವನು ರೂತ್.

ಆತನು ಟೋಪಿ ತೆಗೆದು ವಂದಿಸಿದನಂತೆ. ಮೊದಲನೆಯ ಚೆಂಡು ಗುರಿತಪ್ಪಿತು. ಎರಡನೆಯದಕ್ಕೆ ಬೀಸಿದನು, ತಪ್ಪಿತು. ಮೂರನೆಯದಕ್ಕೆ ಬೀಸಿದನು, ಅದೂ ತಪ್ಪಿತು. ನಾಲ್ಕನೆಯದನ್ನು ಬೀಸದೆ ಬಿಟ್ಟನು. ಚೆಂಡು ಹಲಗೆಯ ಅಂಚನ್ನು ಹಿಡಿದು ಹೋಯಿತು, ತೀರ್ಪುಗಾರನು ಸ್ಟ್ರೈಕೆಂದನು. ರೂತನು ದಾಂಡನ್ನು ಬಿಸಾಟು, ತೀರ್ಪುಗಾರನ ಮೇಲೆ ರೇಗಿ, ತಂಡದವರು ಕರೆದೊಯ್ಯುವ ವರೆಗೂ ಕೂಗಾಡಿದನು. ಅನಂತರ ಗೆರಿಗ್ ಬಂದನು. ಇವನು ಮೂರು ಚೆಂಡುಗಳಿಗೂ ಬೀಸಿ, ಮೂರಕ್ಕೂ ತಪ್ಪಿ, ಸುಮ್ಮನೆ ಹೋಗಿ ಕುಳಿತನು. ಜನರು ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಮೂರನೆಯವನಾದ ಟೋನಿ ಲಜ಼ೆರಿ ಮಾತ್ರ ನಾಲ್ಕು ಗುರಿತಪ್ಪಿದ ಚೆಂಡುಗಳನ್ನು ಬಿಟ್ಟು ಮೊದಲನೆಯ ನೆಲೆಗೆ ನಡೆದನು. ಅಷ್ಟರಲ್ಲಿ ಆಕೆಯನ್ನು ಹಿಂದಕ್ಕೆ ಕರೆದುಬಿಟ್ಟು, ಮೊದಲಿನ ಪಿಚರನನ್ನೇ ಪುನಃ ನಿಲ್ಲಿಸಿದರು. ಯಾಂಕೀಸರು 14ಕ್ಕೆ 4ರಂತೆ ಗೆದ್ದರು.

ಇದು ನಿಜವಾಗಿ ನಡೆದದ್ದೋ, ಮೊದಲೇ ಮಾತಾಡಿಕೊಂಡ ಆಟವೋ ಎಂಬ ಚರ್ಚೆಯು ಇಂದಿಗೂ ಮುಗಿದಿಲ್ಲ. ಸಂಶಯಪಡುವವರಿಗೆ ಕಾರಣಗಳಿಲ್ಲದಿಲ್ಲ: ಮೊದಲು ಗೊತ್ತಾದ ದಿನವು ಮೂರ್ಖರ ದಿನ, ಏರ್ಪಡಿಸಿದವನು ಟರ್ಕಿ ಕೋಳಿಯ ಎಂಗೆಲ್. ರೂತನಿಗೂ ಜನರನ್ನು ನಗಿಸುವುದೆಂದರೆ ಇಷ್ಟ. ಆದರೆ ಬೇಸ್‌ಬಾಲನ್ನು ಬಲ್ಲವರು ಇನ್ನೊಂದು ಕಡೆಯನ್ನೂ ನೋಡಬೇಕು. ರೂತನೂ ಗೆರಿಗನೂ ಎಡಗೈ ದಾಂಡಿಗರು. ಎಡಗೈ ದಾಂಡಿಗನಿಗೆ ಎಡಗೈ ಪಿಚರನ ಚೆಂಡು ಯಾವಾಗಲೂ ಕಷ್ಟ. ಅದು ಅವನ ಬೆನ್ನಿನ ಕಡೆಯಿಂದ ಹುಟ್ಟಿ ಬಂದಂತೆ ಕಂಡು, ಅವನಿಂದ ದೂರ ಸರಿದುಹೋಗುವುದು. ಪಕ್ಕದಿಂದ ತೋಳು ಬೀಸುವವರಾದರಂತೂ ಇನ್ನೂ ಕಷ್ಟ. ಹಿಂದೆಂದೂ ನೋಡದ ಕೈ, ವೇಗವಿಲ್ಲದೆ ಬಂದು ಕೊನೆಯಲ್ಲಿ ತಗ್ಗುವ ಚೆಂಡು, ಅದರ ಮೇಲೆ ವಸಂತಕಾಲ, ಎಂದರೆ ದಾಂಡಿಗರ ಲಯವು ಇನ್ನೂ ಕೂಡಿಬಂದಿರದ ಸಮಯ. ಬಲಗೈ ದಾಂಡಿಗನಾದ ಲಜ಼ೆರಿಯನ್ನು ಆಕೆ ಔಟು ಮಾಡಲಾರದೆ ಹೋದಳೆಂಬುದನ್ನು ಇದಕ್ಕೆ ಸೇರಿಸಿ ನೋಡಿರಿ. ನಾಟಕವಾಗಿದ್ದರೆ ಮೂವರೂ ಬೀಳುತ್ತಿದ್ದರಲ್ಲವೇ? ಮೇಲಾಗಿ ಯಾಂಕೀಸರ ಮುಖಂಡನಾದ ಜೋ ಮೆಕಾರ್ಥಿಯು, ಸೋಲಿರೆಂದು ತನ್ನವರಿಗೆ ಹೇಳಿಕೊಡುವ ಸ್ವಭಾವದವನಲ್ಲವೆಂದು ಆ ತಂಡದ ಪಿಚರನಾದ ಲೆಫ್ಟಿ ಗೋಮೆಜ಼ನು ಮುಂದೆ ಹೇಳಿದನು. ಜಾಕೀಯಾದರೋ ಸಾಯುವ ವರೆಗೂ ಒಂದೇ ಮಾತನ್ನು ಹೇಳಿದಳು: ಅವರು ಹೊಡೆಯಲಿಕ್ಕೇ ಬಂದಿದ್ದರು. ರೂತನ ಕೂಗಾಟದಲ್ಲಿ ಸ್ವಲ್ಪ ನಟನೆಯಿತ್ತೆಂದು ನಾನು ಒಪ್ಪುವೆನು. ಗೆರಿಗನ ಮೂರು ಬೀಸುಗಳಲ್ಲಿ ನಟನೆಯಿತ್ತೆಂದು ಒಪ್ಪಲಾರೆನು. ಆ ಮನುಷ್ಯನ ಚರಿತ್ರೆಯನ್ನು ಓದಿದವರು ಅವನು ವಿದೂಷಕನಾಗಿದ್ದನೆಂದು ಹೇಳರು.

ಹಾಗಾದರೆ ಆ ಹುಡುಗಿಗೆ ಮುಂದೇನಾಯಿತು? ಬೇಸ್‌ಬಾಲಿನ ಅಧಿಕಾರಿಯಾಗಿದ್ದ ನ್ಯಾಯಾಧೀಶ ಲ್ಯಾಂಡಿಸನು ಕೆಲವೇ ದಿನಗಳಲ್ಲಿ ಆಕೆಯ ಕರಾರನ್ನು ರದ್ದುಮಾಡಿ, ಈ ಆಟದ ಶ್ರಮವು ಸ್ತ್ರೀಯರಿಗೆ ಹೆಚ್ಚೆಂದನೆಂಬುದಾಗಿ ಅನೇಕ ಪುಸ್ತಕಗಳಲ್ಲಿ ಬರೆದಿರುತ್ತದೆ. ಹಾಗೆ ಆಜ್ಞೆಯಾದದ್ದಕ್ಕೆ ಕಾಗದಪತ್ರವೊಂದೂ ಸಿಕ್ಕಿಲ್ಲ. ಆದರೆ ಆಜ್ಞೆಯ ಅವಶ್ಯಕತೆಯೇ ಇರಲಿಲ್ಲವೆಂದು ನನಗೆ ತೋರುತ್ತದೆ. ಆಕೆ ಆಟಕ್ಕಿದ್ದಳು, ಲೆಕ್ಕಕ್ಕಿರಲಿಲ್ಲ. ಋತುವು ಆರಂಭವಾಗಿ, ಪುಸ್ತಕ ತೆರೆದು ಬರೆಯತೊಡಗಿದ ಮೇಲೆ ಚಟ್ಟನೂಗಾದ ಪಿಚರರ ಸಾಲಿನಲ್ಲಿ ಆಕೆಯ ಹೆಸರು ಕಾಣಲಿಲ್ಲ. ಆಕೆ ಊರೂರು ತಿರುಗುವ ತಂಡಗಳಲ್ಲಿ ಸೇರಿದಳು. 1933ರಲ್ಲಿ ಹೌಸ್ ಆಫ್ ಡೇವಿಡ್ ಎಂಬ ತಂಡದೊಡನೆ ಇದ್ದಳು. ಅದರ ಗಂಡಸರೆಲ್ಲರೂ ನೀಳವಾದ ಕೂದಲನ್ನೂ ಗಡ್ಡವನ್ನೂ ಬಿಟ್ಟವರು. ಅವರ ನಡುವೆ ಒಬ್ಬಳು ಹುಡುಗಿ. ಜನರು ಬರುತ್ತಿದ್ದದ್ದು ಗಡ್ಡವನ್ನೂ ಹುಡುಗಿಯನ್ನೂ ನೋಡಲಿಕ್ಕೆ. ಚೆಂಡು ಹೇಗೆ ತಗ್ಗುತ್ತದೆಂದು ನೋಡಲಿಕ್ಕಲ್ಲ. 1937ರಲ್ಲಿ, ಇಪ್ಪತ್ತಮೂರು ವರ್ಷದವಳಾಗಿದ್ದಾಗ, ಬೇಸರಪಟ್ಟು ಆಟವನ್ನು ಬಿಟ್ಟು, ತಂದೆಯ ಕನ್ನಡಕದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. 1943ರಲ್ಲಿ ಹೆಣ್ಣುಮಕ್ಕಳದೇ ಒಂದು ಲೀಗು ಹುಟ್ಟಿತು. ಅದರವರು ಆಕೆಯನ್ನು ಕರೆದರು. ಆಕೆ ಹೋಗಲಿಲ್ಲ. ಆರು ವರ್ಷ ಚೆಂಡನ್ನೇ ಮುಟ್ಟದ ತೋಳು, ಪ್ರದರ್ಶನದ ವಸ್ತುವಾಗಿ ತಿರುಗಿ ದಣಿದ ಮನಸ್ಸು. ಹೋಗದೆ ಇದ್ದದ್ದು ನನಗೆ ಆಶ್ಚರ್ಯವಾಗಿ ತೋರುವುದಿಲ್ಲ. ಆಕೆ 1987ರ ಜನವರಿಯಲ್ಲಿ ತೀರಿಕೊಂಡಳು. ಅದಕ್ಕೆ ಕೆಲವು ವರ್ಷ ಮುಂಚೆ, 1982ರಲ್ಲಿ, ಚಟ್ಟನೂಗಾದವರು ಆಕೆಯನ್ನು ಕರೆಸಿ ಋತುವಿನ ಮೊದಲನೆಯ ಚೆಂಡನ್ನು ಎಸೆಯಿಸಿದರು. ಗೌರವಾರ್ಥವಾಗಿ ಎಸೆಯುವ ಆ ಚೆಂಡೂ ಲೆಕ್ಕಕ್ಕಿಲ್ಲದ್ದೇ.

ಬಾಯಿಮಾತಿನ ನಿರ್ಬಂಧವು ಕಾಗದಕ್ಕೆ ಬಂದದ್ದು 1952ರಲ್ಲಿ. ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ತಂಡದವರು ಎಲೆನರ್ ಎಂಗಲ್ ಎಂಬ ಯುವತಿಯನ್ನು ಸೇರಿಸಿಕೊಂಡೊಡನೆ, ಇನ್ನು ಮುಂದೆ ಯಾವ ತಂಡವೂ ಸ್ತ್ರೀಯರೊಡನೆ ಕರಾರು ಮಾಡಕೂಡದೆಂದು ಆ ಆಟದ ಅಧಿಕಾರಿಗಳು ಅಪ್ಪಣೆಮಾಡಿದರು. ಆಕೆ ಒಂದು ಆಟವನ್ನಾದರೂ ಆಡಲಿಲ್ಲ.

ಇಷ್ಟನ್ನು ಓದಿ, ಲೆಕ್ಕವಿಲ್ಲದ ಆಟವೆಂದರೆ ಬಡವರ ಮೂಗಿಗೆ ತುಪ್ಪ ಸವರುವ ಉಪಾಯವೆಂದು ಯಾರಾದರೂ ನಿಶ್ಚಯಿಸುವುದಾದರೆ, ಅವಸರಪಡಬಾರದೆಂದು ಬೇಡುವೆನು. ಹದಿನೈದು ವರ್ಷಗಳ ತರುವಾಯ ಅಂಥದೇ ಇನ್ನೊಂದು ಆಟ ನಡೆಯಿತು. ಕರಿಯ ಜನರನ್ನು ದೊಡ್ಡ ತಂಡಗಳು ಸೇರಿಸಿಕೊಳ್ಳದಿದ್ದ ಕಾಲದಲ್ಲಿ, ಬ್ರೂಕ್ಲಿನ್ ತಂಡದ ಬ್ರಾಂಚ್ ರಿಕಿ ಎಂಬವನು ಜಾಕಿ ರಾಬಿನ್‌ಸನ್ ಎಂಬ ಕರಿಯ ಯುವಕನನ್ನು ತನ್ನ ಕೆಳಗಿನ ಮಾಂಟ್ರಿಯಾಲ್ ತಂಡಕ್ಕೆ ಸೇರಿಸಿಕೊಂಡನು. 1946ರ ವಸಂತಕಾಲದಲ್ಲಿ ಫ್ಲಾರಿಡಾದ ಸ್ಯಾನ್‌ಫರ್ಡ್ ಊರಿನಿಂದ ಆತನನ್ನು ಓಡಿಸಿದರು. ಜ್ಯಾಕ್ಸನ್‌ವಿಲ್ಲಿನಲ್ಲಿ ಆಟದ ಬಯಲಿನ ಬಾಗಿಲಿಗೆ ಬೀಗ ಹಾಕಿದರು. ಡೇಟೋನಾ ಬೀಚ್ ಎಂಬ ಪಟ್ಟಣದಲ್ಲಿ ಮಾತ್ರ ಆಡಗೊಟ್ಟರು. ಮಾರ್ಚ್ 17ರಂದು ಆತನು ಬ್ರೂಕ್ಲಿನ್ ತಂಡಕ್ಕೆ ಇದಿರಾಗಿ ಆಡಿದನು. ಆ ಪಟ್ಟಣದ ಹೆಸರು ಬಂದಾಗ ನಮ್ಮ ಓದುಗರಿಗೆ ಒಂದು ಸಂಗತಿಯನ್ನು ತಿಳಿಸದೆ ಇರಲಾರೆನು: 1904ರಲ್ಲಿ ಮೇರಿ ಮೆಕ್ಲಿಯಡ್ ಬೆಥೂನ್ ಎಂಬ ಮಹಿಳೆಯು ಒಂದೂವರೆ ಡಾಲರ್ ಕೈಯಲ್ಲಿಟ್ಟುಕೊಂಡು, ಐದು ಮಂದಿ ಕರಿಯ ಹುಡುಗಿಯರಿಗಾಗಿ ಪಾಠಶಾಲೆಯನ್ನು ತೆರೆದದ್ದು ಅಲ್ಲಿಯೇ. ಅದು ಬೆಳೆದು ಕಾಲೇಜಾಗಿ, ಆ ಊರಿನ ಕರಿಯರಿಗೆ ಧೈರ್ಯವನ್ನೂ ಮಾನವನ್ನೂ ಕೊಟ್ಟಿತ್ತು. ರಾಬಿನ್‌ಸನ್ ಆ ದಿನ ಒಂದು ಸಾರಿಯಾದರೂ ಚೆನ್ನಾಗಿ ಹೊಡೆಯಲಿಲ್ಲ. ಆದರೆ ಆಡಿಸಿದವನ ಮನಸ್ಸಿನಲ್ಲಿ ಅದು ಲೆಕ್ಕಕ್ಕೆ ಮೊದಲ ಹೆಜ್ಜೆಯಾಗಿತ್ತು. 1947ರ ಏಪ್ರಿಲ್ 15ರಂದು ಆತನು ಬ್ರೂಕ್ಲಿನ್ ತಂಡದಲ್ಲಿಯೇ, ಪುಸ್ತಕಕ್ಕೆ ಏರುವ ಆಟದಲ್ಲಿ ಆಡಿದನು. ಡೇಟೋನಾದ ಆ ಬಯಲಿಗೆ ಈಗ ಆತನ ಹೆಸರೇ ಇದೆ.

ಒಳಗೆ ಬಿಟ್ಟವನ ಉದ್ದೇಶವೇನೆಂಬುದರಲ್ಲಿಯೇ ಎಲ್ಲಾ ಭೇದವಿತ್ತು. ಎಂಗೆಲನಿಗೆ ಒಂದು ದಿನದ ಜನಸಂದಣಿ ಬೇಕಾಗಿತ್ತು. ರಿಕಿಗೆ ಒಬ್ಬ ಆಟಗಾರನು ಬೇಕಾಗಿದ್ದನು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಹೆಜ್ಜೆಯು ಬಹಳ ತಡವಾಗಿ ಬಿತ್ತು, ಅದೂ ಆಟಗಾರರಲ್ಲಿ ಅಲ್ಲ, ತೀರ್ಪುಗಾರರಲ್ಲಿ. ಪ್ಯಾಮ್ ಪೊಸ್ಟೆಮಾ ಎಂಬಾಕೆ 1977ರಿಂದ ಚಿಕ್ಕ ಲೀಗುಗಳಲ್ಲಿ ತೀರ್ಪು ಹೇಳುತ್ತಾ ಬಂದು, 1988ರ ವಸಂತಕಾಲದಲ್ಲಿ ದೊಡ್ಡ ತಂಡಗಳ ಪೂರ್ವಸಿದ್ಧತೆಯ ಆಟಗಳಿಗೆ ನಿಂತಳು. ಮರುವರ್ಷವೂ ನಿಂತಳು. ಅಲ್ಲಿಂದ ಮುಂದಕ್ಕೆ ಕರೆ ಬರಲಿಲ್ಲ. 1989ರ ಕೊನೆಯಲ್ಲಿ ಆಕೆಯನ್ನು ಕೆಲಸದಿಂದ ಬಿಡಿಸಿದರು. ಹದಿಮೂರು ವರ್ಷ ಹಳ್ಳಿಪಟ್ಟಣಗಳ ಬಯಲುಗಳಲ್ಲಿ ಬೈಗಳನ್ನು ಕೇಳಿ ನಿಂತವಳಿಗೆ ಸಿಕ್ಕಿದ್ದು ಎರಡು ವಸಂತಗಳು.

ಜೆನ್ ಪಾವೊಲ್ ಎಂಬಾಕೆ 2016ರಲ್ಲಿ ಚಿಕ್ಕ ಲೀಗುಗಳಿಗೆ ಬಂದಳು. 2024ರ ಫೆಬ್ರವರಿಯಲ್ಲಿ ಫ್ಲಾರಿಡಾದಲ್ಲಿ ಆಕೆ ವಸಂತದ ಆಟಗಳಿಗೆ ತೀರ್ಪುಗಾರಳಾಗಿ ನಿಂತಾಗ, ಪೊಸ್ಟೆಮಾಳ ಕಥೆಯನ್ನು ಬಲ್ಲ ನನ್ನಂಥವರಿಗೆ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚಾಗಿತ್ತೆಂದು ಹೇಳಬೇಕು. ಆ ವರ್ಷ ಋತುವಿನಲ್ಲಿ ಕರೆ ಬರಲಿಲ್ಲ. 2025ರ ಆಗಸ್ಟ್ 9ರಂದು, ಅಟ್ಲಾಂಟಾ ತಂಡವೂ ಮಯಾಮಿ ತಂಡವೂ ಒಂದೇ ದಿನ ಎರಡು ಆಟಗಳನ್ನು ಆಡಬೇಕಾಗಿದ್ದಾಗ, ಆಕೆಯನ್ನು ಮೊದಲನೆಯ ನೆಲೆಯ ಹತ್ತಿರ ನಿಲ್ಲಿಸಿದರು. ಮರುದಿನ ಆಕೆ ಹಲಗೆಯ ಹಿಂದೆ, ರೂತನು ಕೂಗಾಡಿದ ತೀರ್ಪುಗಾರನು ನಿಲ್ಲುವಂಥ ಸ್ಥಳದಲ್ಲಿ ನಿಂತು, ಪ್ರತಿಯೊಂದು ಚೆಂಡೂ ಸ್ಟ್ರೈಕೋ ಅಲ್ಲವೋ ಎಂದು ಹೇಳಿದಳು. ಆಕೆ ಹೇಳಿದ್ದನ್ನೆಲ್ಲಾ ಪುಸ್ತಕದಲ್ಲಿ ಬರೆದುಕೊಂಡರು.